ಗುರುತು ಮತ್ತು ಅರ್ಹತೆ: ದಾವಣಗೆರೆ–ಹರಿಹರ ಪರಿಸರದಲ್ಲಿ ಆರೋಗ್ಯ ರಕ್ಷಣೆಯ ಚೀಟಿಗಳ ಚರಿತ್ರೆ

ಕರ್ನಾಟಕದ ನಡುನಾಡಿನ ದಾವಣಗೆರೆ ಮತ್ತು ತುಂಗಭದ್ರೆಯ ದಂಡೆಯ ಹರಿಹರಗಳ ಆಧುನಿಕ ಚರಿತ್ರೆಯನ್ನು ಹತ್ತಿಯ ಗಿರಣಿ, ವ್ಯಾಪಾರ, ಕಾರ್ಮಿಕ ಚಳವಳಿ ಹಾಗೂ ವಿದ್ಯಾಸಂಸ್ಥೆಗಳ ಬೆಳವಣಿಗೆಯ ಮೂಲಕ ನಿರೂಪಿಸುವುದು ವಾಡಿಕೆ. ಈ ಪರಿಸರದ ಜನಜೀವನವನ್ನು ಮತ್ತೊಂದು ಬಗೆಯ ದಾಖಲೆಗಳ ಮೂಲಕವೂ ನೋಡಲು ಸಾಧ್ಯವಿದೆ. ಕಾಯಿಲೆ ಬಿದ್ದ ಮನುಷ್ಯ ಆಸ್ಪತ್ರೆಯ ಬಾಗಿಲಲ್ಲಿ ತೋರಿಸಬೇಕಾಗಿ ಬಂದ ಚೀಟಿ, ಪುಸ್ತಿಕೆ, ಕಾರ್ಡುಗಳೇ ಆ ದಾಖಲೆಗಳು. ಇವು ಪತ್ರಾಗಾರಗಳಲ್ಲಿ ಕಾಣಸಿಗುವುದು ಕಡಿಮೆ; ಟ್ರಂಕಿನ ತಳದಲ್ಲಿ, ದೇವರ ಪಟದ ಹಿಂದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಸ್ಥಿತಿಯಲ್ಲಿ ಇವು ಉಳಿದುಬರುತ್ತವೆ. ಆದರೂ ಒಂದು ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಪ್ರಭುತ್ವವು ಪ್ರಜೆಯ ದೇಹವನ್ನು ಹೇಗೆ ಗುರುತಿಸಿತು, ಯಾರ ಆರೋಗ್ಯವನ್ನು ತನ್ನ ಹೊಣೆಯೆಂದು ಒಪ್ಪಿಕೊಂಡಿತು ಎಂಬುದಕ್ಕೆ ಇವುಗಳಿಗಿಂತ ನೇರವಾದ ಸಾಕ್ಷ್ಯ ವಿರಳ.

ಇಂಥ ಚೀಟಿಯೊಂದು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲದು. ‘ಈ ವ್ಯಕ್ತಿ ಯಾರು?’ ಎಂಬುದು ಮೊದಲನೆಯದು. ‘ಈ ವ್ಯಕ್ತಿಗೆ ಚಿಕಿತ್ಸೆ ಸಲ್ಲುತ್ತದೆಯೆ?’ ಎಂಬುದು ಎರಡನೆಯದು. ಮೊದಲನೆಯದು ಗುರುತಿನ ಪ್ರಶ್ನೆ. ಎರಡನೆಯದು ಅರ್ಹತೆಯ ಪ್ರಶ್ನೆ. ವಿಶ್ವಸಂಸ್ಥೆಯ ಮಹಾಸಭೆಯು 2012ರ ಡಿಸೆಂಬರ್ 12ರಂದು ಅಂಗೀಕರಿಸಿದ ನಿರ್ಣಯದ ತರುವಾಯ ಜಗತ್ತಿನೆಲ್ಲೆಡೆ ಚಾಲ್ತಿಗೆ ಬಂದ ‘ಸಾರ್ವತ್ರಿಕ ಆರೋಗ್ಯ ರಕ್ಷಣೆ’ಯ ಪರಿಕಲ್ಪನೆಯಲ್ಲಿ ಎರಡನೆಯ ಪ್ರಶ್ನೆಗೆ ಸ್ಥಾನವಿಲ್ಲ, ಏಕೆಂದರೆ ಉತ್ತರ ಎಲ್ಲರ ವಿಷಯದಲ್ಲಿಯೂ ಒಂದೇ. ಅಲ್ಲಿ ಗುರುತಿನ ಚೀಟಿಯ ಕೆಲಸ ರೋಗಿಯ ಹಿಂದಿನ ದಾಖಲೆಯನ್ನು ಹುಡುಕಿ ಕೊಡುವುದು, ವೆಚ್ಚದ ಲೆಕ್ಕವನ್ನು ಸರಿಯಾದ ಹೆಸರಿಗೆ ಸೇರಿಸುವುದು, ಇಷ್ಟೆ. ದಾವಣಗೆರೆಯ ಪರಿಸರದಲ್ಲಿ ಬಳಕೆಗೆ ಬಂದ ಚೀಟಿಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದಾಗ, ಒಂದೆರಡನ್ನು ಬಿಟ್ಟರೆ ಪ್ರತಿಯೊಂದೂ ಗುರುತಿನ ಹೆಸರಿನಲ್ಲಿ ಅರ್ಹತೆಯನ್ನೇ ವಿಚಾರಿಸುತ್ತ ಬಂದದ್ದು ಕಂಡುಬರುತ್ತದೆ.

ಪ್ಲೇಗಿನ ರಹದಾರಿ

ಈ ಭಾಗದ ಜನ ಆರೋಗ್ಯದ ಕಾರಣಕ್ಕಾಗಿ ಹೆಸರು, ಊರು ಹೇಳಿ ಕಾಗದ ಪಡೆಯಬೇಕಾದ ಸಂದರ್ಭ ಮೊದಲಿಗೆ ಒದಗಿದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯನ್ನು ತಲುಪಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದಿತು. ಅದು ಬಂದದ್ದು ರೈಲುಮಾರ್ಗವಾಗಿ. ಹುಬ್ಬಳ್ಳಿಯಿಂದ ಬರುವ ಸದರನ್ ಮರಾಠಾ ರೈಲ್ವೆಯ ಗಾಡಿ ತುಂಗಭದ್ರೆಯನ್ನು ದಾಟಿದೊಡನೆ ಮೈಸೂರು ಸಂಸ್ಥಾನದ ನೆಲದಲ್ಲಿ ಮೊದಲು ಮುಟ್ಟುವ ಪಟ್ಟಣ ಹರಿಹರ, ಮುಂದಿನದು ದಾವಣಗೆರೆ. ನದಿಯಾಚೆ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆ, ಈಚೆ ಸಂಸ್ಥಾನ. ಹೀಗಾಗಿ ರೋಗದ ಗಡಿಯೂ ಆಡಳಿತದ ಗಡಿಯೂ ಇಲ್ಲಿ ಒಂದೇ ಆಗಿದ್ದವು.

1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮದ ಬಲದಿಂದ ಬ್ರಿಟಿಷ್ ಪ್ರಾಂತಗಳಲ್ಲಿ ರೈಲು ಪ್ರಯಾಣಿಕರ ತಪಾಸಣೆ ಆರಂಭವಾಯಿತು. ಮದ್ರಾಸ್ ಪ್ರಾಂತದಲ್ಲಿ ಇದು ‘ಪ್ಲೇಗ್ ಪಾಸ್‌ಪೋರ್ಟ್’ ಎಂಬ ವ್ಯವಸ್ಥೆಯಾಗಿ ರೂಪುಗೊಂಡಿತು. ರೋಗಪೀಡಿತ ಸ್ಥಳದಿಂದ ಬಂದವರು ತಮ್ಮ ಹೆಸರು ಮತ್ತು ಹೋಗುವ ಊರನ್ನು ಬರೆಸಿ ರಹದಾರಿ ಪಡೆಯಬೇಕಿತ್ತು. ಊರು ತಲುಪಿದ ಮೇಲೆ ಹತ್ತು ದಿನಗಳ ಕಾಲ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ಮೈಸೂರು ಸಂಸ್ಥಾನವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿ ತಪಾಸಣೆ, ಪ್ರತ್ಯೇಕ ಶಿಬಿರ, ಮನೆ ತೆರವು ಮುಂತಾದ ಕ್ರಮಗಳನ್ನು ಕೈಗೊಂಡಿತು. ಈ ರಹದಾರಿಯ ಸ್ವರೂಪವನ್ನು ಗಮನಿಸಬೇಕು. ಅದು ಹಿಡಿದವರಿಗೆ ಔಷಧವನ್ನಾಗಲಿ, ಶುಶ್ರೂಷೆಯನ್ನಾಗಲಿ ಕೊಡುತ್ತಿರಲಿಲ್ಲ. ಅವರಿಂದ ಇತರರಿಗೆ ಒದಗಬಹುದಾದ ಅಪಾಯವನ್ನು ಕಾಯುವುದಷ್ಟೇ ಅದರ ಉದ್ದೇಶ. ಮೇಲಿನ ದರ್ಜೆಯ ಪ್ರಯಾಣಿಕರಿಗೂ ಮೂರನೆಯ ದರ್ಜೆಯವರಿಗೂ ತಪಾಸಣೆಯ ರೀತಿ ಒಂದೇ ಆಗಿರಲಿಲ್ಲವೆಂಬುದು ಅಂದಿನ ದೂರುಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಆರೋಗ್ಯದ ಹೆಸರಿನಲ್ಲಿ ಹೆಸರು ಬರೆಸಿಕೊಳ್ಳುವ ಸರ್ಕಾರದ ಬಗ್ಗೆ ಹಳ್ಳಿಗರಲ್ಲಿ ಬಹುಕಾಲ ಉಳಿದ ಅಂಜಿಕೆಗೆ ಇದೂ ಒಂದು ಕಾರಣವಾಗಿರಬೇಕು.

ಗಿರಣಿಯ ಸಂಖ್ಯೆ

ಚಿಕಿತ್ಸೆಯನ್ನು ಹಕ್ಕಾಗಿ ಕೊಡಮಾಡಿದ ಮೊದಲ ಕಾರ್ಡು ದಾವಣಗೆರೆಗೆ ಬಂದದ್ದು ಕೈಗಾರಿಕೆಯ ಬೆನ್ನ ಹಿಂದೆ. 1930ರ ದಶಕದಿಂದ ಬೆಳೆದ ಹತ್ತಿ ಗಿರಣಿಗಳು ಈ ಪಟ್ಟಣಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದವು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. 1948ರ ಕಾರ್ಮಿಕರ ರಾಜ್ಯ ವಿಮಾ ಅಧಿನಿಯಮದ ಅನ್ವಯ ಇ.ಎಸ್.ಐ. ಯೋಜನೆಯು 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಗಿ, 1958ರಲ್ಲಿ ಬೆಂಗಳೂರಿಗೂ ಮುಂದೆ ರಾಜ್ಯದ ಇತರ ಕೈಗಾರಿಕಾ ಕೇಂದ್ರಗಳಿಗೂ ವಿಸ್ತರಿಸಿತು. ದಾವಣಗೆರೆಯಲ್ಲಿ ಇ.ಎಸ್.ಐ. ಆಸ್ಪತ್ರೆಯೊಂದು ನೆಲೆಗೊಂಡದ್ದು ಗಿರಣಿ ಕಾರ್ಮಿಕರ ಸಂಖ್ಯಾಬಲಕ್ಕೂ ಸಂಘಟನಾಬಲಕ್ಕೂ ಸಾಕ್ಷಿ. ಕಾರ್ಮಿಕ ನಾಯಕ ಪಂಪಾಪತಿಯವರು ಕಮ್ಯೂನಿಸ್ಟ್ ಪಕ್ಷದಿಂದ 1978, 1983 ಮತ್ತು 1985ರಲ್ಲಿ ವಿಧಾನಸಭೆಗೆ ಆಯ್ಕೆಯಾದ ಊರು ಇದು.

ಈ ವಿಮಾ ವ್ಯವಸ್ಥೆಯ ತಿರುಳು ಒಂದು ಸಂಖ್ಯೆ. ಕೆಲಸಕ್ಕೆ ಸೇರಿದ ಕಾರ್ಮಿಕನ ಹೆಸರು ವಿಮಾ ಸಂಖ್ಯೆಯೊಡನೆ ದಾಖಲಾಗುತ್ತಿತ್ತು; ಸಂಬಳದಿಂದ ವಂತಿಗೆ ಕಡಿತವಾಗುತ್ತಿತ್ತು; ಕಾರ್ಡು ತೋರಿಸಿದರೆ ಕಾರ್ಮಿಕನಿಗೂ ಕ್ರಮೇಣ ಅವನ ಕುಟುಂಬದವರಿಗೂ ಚಿಕಿತ್ಸೆ ದೊರೆಯುತ್ತಿತ್ತು. ರೋಗ ಯಾವುದೆಂದು, ಮನೆಯಲ್ಲಿ ಬಡತನವೆಷ್ಟೆಂದು ಯಾರೂ ಕೇಳುವಂತಿರಲಿಲ್ಲ. ದಾನವಾಗಿ ಬರುವ ಔಷಧಕ್ಕೂ ಹಕ್ಕಾಗಿ ಬರುವ ಔಷಧಕ್ಕೂ ಇರುವ ವ್ಯತ್ಯಾಸ ಈ ಊರಿನ ದುಡಿಯುವ ವರ್ಗಕ್ಕೆ ಅನುಭವಕ್ಕೆ ಬಂದದ್ದು ಇಲ್ಲಿಯೇ ಎನ್ನಬಹುದು.

ಆದರೆ ಈ ಸಂಖ್ಯೆ ಅಂಟಿಕೊಂಡಿದ್ದುದು ನೌಕರಿಗೆ. ವೇತನದ ಮಿತಿ ಮೂಲ ಅಧಿನಿಯಮದಲ್ಲಿ ತಿಂಗಳಿಗೆ 400 ರೂಪಾಯಿ; ಅದು ಏರುತ್ತ 1997ರಲ್ಲಿ 6,500, 2010ರಲ್ಲಿ 15,000, 2017ರಲ್ಲಿ 21,000 ರೂಪಾಯಿಗಳಾಯಿತು. ವಂತಿಗೆಯ ಅವಧಿಗೆ ತಕ್ಕ ಸೌಲಭ್ಯದ ಅವಧಿ ಎಂಬ ಆರಾರು ತಿಂಗಳ ಲೆಕ್ಕವೂ ಇತ್ತು. 1980ರ ದಶಕದ ನಂತರ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಕಳೆಗುಂದಿ ಬಾಗಿಲು ಹಾಕಿದಾಗ, 2000ರ ದಶಕದ ಆರಂಭದಲ್ಲಿ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಸ್ಥಗಿತಗೊಂಡಾಗ, ಈ ಜೋಡಣೆಯ ಪರಿಣಾಮ ಬೆಳಕಿಗೆ ಬಂದಿತು. ಹತ್ತಿಯ ಧೂಳನ್ನು ದಶಕಗಳ ಕಾಲ ಉಸಿರಾಡಿದ ಶ್ವಾಸಕೋಶದ ಕಾಯಿಲೆ ತನ್ನ ನಿಜರೂಪ ತೋರುವುದು ನಡುವಯಸ್ಸು ಕಳೆದ ಮೇಲೆ. ಕಾರ್ಡು ನಿರ್ಜೀವವಾದದ್ದೂ ಅದೇ ವಯಸ್ಸಿನಲ್ಲಿ. ಸಂಖ್ಯೆಯೇನೋ ದಫ್ತರದಲ್ಲಿ ಹಾಗೆಯೇ ಉಳಿಯಿತು. ಅದನ್ನು ಹೊತ್ತ ಮನುಷ್ಯನೂ ಉಳಿದಿದ್ದ. ನಡುವಿನ ನೌಕರಿ ಮಾತ್ರ ಇರಲಿಲ್ಲ. ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವರಿಗೆ ಸ್ವಲ್ಪಕಾಲ ಭತ್ಯೆ ಮತ್ತು ಚಿಕಿತ್ಸೆ ಒದಗಿಸುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಜಾರಿಗೆ ಬಂದದ್ದು 2005ರಲ್ಲಿ. ಗಿರಣಿಗಳ ಅವಸಾನದ ಬಹುಭಾಗ ಆ ಹೊತ್ತಿಗೆ ಮುಗಿದ ಕಥೆಯಾಗಿತ್ತು.

ಗಿರಣಿಯ ಹೊರಗಿದ್ದವರ ಸ್ಥಿತಿ ಬೇರೆಯದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಮನೆಮಂದಿಯೆಲ್ಲ ಸೇರಿ ದುಡಿಯುವ ಪದ್ಧತಿ ಇದ್ದುದರಿಂದ ಅವು ಕಾರ್ಖಾನೆಯ ವ್ಯಾಖ್ಯೆಗೆ ಒಳಪಡುವುದು ಕಷ್ಟವಾಗಿತ್ತು. ಭಟ್ಟಿಯ ಹೊಗೆಗೆ ವಿಮೆ ಇರಲಿಲ್ಲ. ಬೀಡಿ ಕಟ್ಟುವವರಿಗೆ 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಅಧಿನಿಯಮದಡಿ ಪ್ರತ್ಯೇಕ ಗುರುತಿನ ಚೀಟಿ, ಅದರ ಆಧಾರದ ಮೇಲೆ ಚಿಕಿತ್ಸಾಲಯದ ಸೌಲಭ್ಯ ಏರ್ಪಟ್ಟವು. ಇಲ್ಲಿಯೂ ತೊಡಕಿತ್ತು. ಎಲೆ, ತಂಬಾಕು ತಂದುಕೊಟ್ಟು ಕಟ್ಟಿದ ಬೀಡಿ ಒಯ್ಯುವ ಗುತ್ತಿಗೆದಾರನ ಪುಸ್ತಕದಲ್ಲಿ ಸಾಮಾನ್ಯವಾಗಿ ಮನೆಗೊಂದು ಹೆಸರು. ಅತ್ತೆ, ಸೊಸೆ, ಮಗಳು ಮೂವರೂ ಕಟ್ಟಿದರೂ ಚೀಟಿ ಸಿಗುವುದು ಹೆಸರಿದ್ದವರಿಗೆ. ಉಳಿದ ಕೈಗಳು ಲೆಕ್ಕಕ್ಕೆ ಬಂದದ್ದು ಕಟ್ಟಿದ ಬೀಡಿಯ ಸಂಖ್ಯೆಯಲ್ಲಿ ಮಾತ್ರ. ಈ ನಿಧಿಗೆ ಆಧಾರವಾಗಿದ್ದ ಬೀಡಿ ಸೆಸ್ 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯ ಜಾರಿಯೊಡನೆ ರದ್ದಾಯಿತು.

ಸಂಘದ ಸದಸ್ಯರು

ರೈತಾಪಿ ಜನರಿಗೆ ಚಿಕಿತ್ಸೆಯ ಕಾರ್ಡು ಬಂದದ್ದು ಸಹಕಾರ ಸಂಘದ ಮೂಲಕ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಸಲಹೆ ಮತ್ತು ರಾಜ್ಯದ ಸಹಕಾರ ಇಲಾಖೆಯ ಶ್ರಮದಿಂದ ರೂಪುಗೊಂಡ ಯಶಸ್ವಿನಿ ಯೋಜನೆಯನ್ನು ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ 2002ರ ನವೆಂಬರ್‌ನಲ್ಲಿ ಉದ್ಘಾಟಿಸಲಾಯಿತು. 2003ರ ಜೂನ್ 1ರಿಂದ ಅದು ಕಾರ್ಯಾರಂಭ ಮಾಡಿತು. ವರ್ಷಕ್ಕೆ ತಲಾ 60 ರೂಪಾಯಿ, ಅಂದರೆ ತಿಂಗಳಿಗೆ ಐದು ರೂಪಾಯಿ, ಕೊಟ್ಟ ಸದಸ್ಯರಿಗೆ ನಿಗದಿತ ಶಸ್ತ್ರಚಿಕಿತ್ಸೆಗಳು ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ನಗದಿಲ್ಲದೆ ದೊರೆಯುತ್ತಿದ್ದವು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಜಗತ್ತಿನ ಆರೋಗ್ಯ ಅರ್ಥಶಾಸ್ತ್ರಜ್ಞರು ಕರ್ನಾಟಕದತ್ತ ತಿರುಗಿ ನೋಡುವಂತೆ ಮಾಡಿದ ಯೋಜನೆ ಅದು.

ಭದ್ರಾ ನಾಲೆಯ ನೀರುಣ್ಣುವ ದಾವಣಗೆರೆ, ಹರಿಹರ ತಾಲ್ಲೂಕುಗಳ ಭತ್ತದ ಸೀಮೆಯಲ್ಲಿ ಪತ್ತಿನ ಸಹಕಾರ ಸಂಘಗಳು, ಹಾಲು ಉತ್ಪಾದಕರ ಸಂಘಗಳು ಗಟ್ಟಿಯಾಗಿ ಬೇರೂರಿದ್ದವು. ಸದಸ್ಯರು ಯಾರೆಂದು ಸಂಘದ ಕಾರ್ಯದರ್ಶಿಗೆ ಮುಖತಃ ಗೊತ್ತು. ಹೊಸದಾಗಿ ಗುರುತು ಹಿಡಿಯುವ ಅಗತ್ಯವೇ ಇಲ್ಲ. ಯಶಸ್ವಿನಿಯ ಆಡಳಿತ ವೆಚ್ಚ ಕಡಿಮೆಯಿದ್ದುದಕ್ಕೆ ಈ ಮುಖಪರಿಚಯವೂ ಒಂದು ಕಾರಣ. ಪರಿಚಯವೇ ಬಂಡವಾಳವಾದ ಇಂಥ ವ್ಯವಸ್ಥೆಯ ಅಂಚು ಮಾತ್ರ ಬಹಳ ಹರಿತ. ಪತ್ತಿನ ಸಂಘದ ಸದಸ್ಯತ್ವ ಬಹುಮಟ್ಟಿಗೆ ಪಹಣಿಯೊಡನೆ, ಅಂದರೆ ಭೂಮಿಯೊಡನೆ, ಬರುವಂಥದು. ನಗರದ ಅಂಚಿನ ಆವರಗೆರೆಯಂಥ ಊರನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಒಂದೇ ಕೇರಿಯಲ್ಲಿ ಹೊಲ ಇದ್ದವರು, ಗಿರಣಿಯಿಂದ ಹೊರಬಿದ್ದವರು, ದಿನಗೂಲಿಗೆ ಪೇಟೆಗೆ ಹೋಗುವವರು ಅಕ್ಕಪಕ್ಕದಲ್ಲಿ ಬದುಕುವಂಥ ನೆಲೆ ಅದು. ಸಂಘದ ಸದಸ್ಯರಿಗೆ ಯಶಸ್ವಿನಿ. ನೌಕರಿ ಉಳಿದವರಿಗೆ ಇ.ಎಸ್.ಐ.; ಕೂಲಿಯವರಿಗೆ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ. ವಾರ್ಷಿಕ ವಂತಿಗೆ 2005ರಲ್ಲಿ 120 ರೂಪಾಯಿಗೆ ಏರಿದಾಗ ಸದಸ್ಯರ ಸಂಖ್ಯೆ ಗಣನೀಯವಾಗಿ ಕುಸಿದದ್ದನ್ನು ನೋಡಿದರೆ, ಸ್ವಯಂ ಇಚ್ಛೆಯಿಂದ ಪ್ರತಿವರ್ಷ ನವೀಕರಿಸಬೇಕಾದ ಗುರುತು ಎಷ್ಟು ಸಡಿಲವೆಂಬುದು ತಿಳಿಯುತ್ತದೆ. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡ ಯಶಸ್ವಿನಿಯು ರೈತ ಸಂಘಟನೆಗಳ ಒತ್ತಾಯದ ಮೇರೆಗೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿತು.

ನದಿಯ ಆಚೆ, ಈಚೆ

2010ರ ಫೆಬ್ರವರಿಯಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಹೊಸ ಕಾರ್ಡನ್ನೇ ಕೊಡಲಿಲ್ಲ. ಬಡತನ ರೇಖೆಗಿಂತ ಕೆಳಗಿನವರ ಪಡಿತರ ಚೀಟಿಯೇ ಇಲ್ಲಿ ಆರೋಗ್ಯದ ಚೀಟಿ. ವಂತಿಗೆ ಇಲ್ಲ, ನೋಂದಣಿ ಇಲ್ಲ. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಮುಂತಾದ ದುಬಾರಿ ಚಿಕಿತ್ಸೆಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಹಣ ಪಾವತಿ ಮಾಡುತ್ತಿತ್ತು. ಯೋಜನೆ ಮೊದಲು ಗುಲ್ಬರ್ಗಾ ವಿಭಾಗದಲ್ಲಿ, ಅನಂತರ ಬೆಳಗಾವಿ ವಿಭಾಗದಲ್ಲಿ ಜಾರಿಗೊಂಡಿತು. ಬೆಂಗಳೂರು ಮತ್ತು ಮೈಸೂರು ವಿಭಾಗಗಳು 2012ರವರೆಗೆ ಕಾಯಬೇಕಾಯಿತು.

ದಾವಣಗೆರೆ ಜಿಲ್ಲೆ ಬೆಂಗಳೂರು ಕಂದಾಯ ವಿಭಾಗಕ್ಕೆ ಸೇರಿದ್ದು. ಪ್ಲೇಗಿನ ಕಾಲದಲ್ಲಿ ಎರಡು ಆಡಳಿತಗಳ ಗಡಿಯಾಗಿದ್ದ ತುಂಗಭದ್ರೆ ಹೀಗೆ ಶತಮಾನದ ನಂತರ ಮತ್ತೊಮ್ಮೆ ಗಡಿಯಾಯಿತು. ಆಚೆ ದಡದ ರಾಣೆಬೆನ್ನೂರು ತಾಲ್ಲೂಕು ಹಾವೇರಿ ಜಿಲ್ಲೆಯದು, ಬೆಳಗಾವಿ ವಿಭಾಗದ್ದು. ಈಚೆ ದಡದ ಹರಿಹರ ಬೆಂಗಳೂರು ವಿಭಾಗದ್ದು. ಎರಡೂ ದಡಗಳ ಜನ ಒಂದೇ ಸಂತೆಗೆ ಹೋಗುವವರು. ಆಚೆಯ ಕುಮಾರಪಟ್ಟಣದ ಕಾರ್ಖಾನೆಗಳಿಗೆ ಈಚೆಯ ಹರಿಹರದಿಂದ ದಿನನಿತ್ಯ ಕೆಲಸಕ್ಕೆ ಹೋಗುವವರೂ ಉಂಟು. ಹರಪನಹಳ್ಳಿಯ ಸ್ಥಿತಿ ಇನ್ನೂ ವಿಚಿತ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಬಳ್ಳಾರಿಯಿಂದ ಬೇರ್ಪಟ್ಟು ಇದಕ್ಕೆ ಸೇರಿದ ತಾಲ್ಲೂಕು ಅದು. ಬಳ್ಳಾರಿ ಗುಲ್ಬರ್ಗಾ ವಿಭಾಗದಲ್ಲಿತ್ತು. ಹೀಗಾಗಿ ನೆರೆಯ ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿಗಳ ಬಡವರಿಗೆ 2010ರಲ್ಲಿಯೇ ದೊರೆತ ಚಿಕಿತ್ಸೆ ಹರಪನಹಳ್ಳಿಯ ಬಡವರಿಗೆ ದೊರೆಯಲಿಲ್ಲ. ಮಳೆ, ಮಣ್ಣು, ಬಡತನ ಎಲ್ಲವೂ ಒಂದೇ. ಪಡಿತರ ಚೀಟಿಯೂ ಒಂದೇ ಸರ್ಕಾರದ್ದು. ಜಿಲ್ಲೆಯ ಹೆಸರು ಮಾತ್ರ ಬೇರೆ. ಆ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯ ಭಾಗವಾಗಿದೆ. ಅದರ ಮರುಸೇರ್ಪಡೆಯ ಹೋರಾಟವನ್ನು 371 (ಜೆ) ವಿಧಿಯ ಉದ್ಯೋಗ ಮೀಸಲಾತಿಯ ಹಿನ್ನೆಲೆಯಲ್ಲಿಯೇ ನೋಡಲಾಗುತ್ತದೆ. ಈ ಎರಡು ವರ್ಷಗಳ ಅಂತರವನ್ನೂ ಆ ಚರಿತ್ರೆಗೆ ಸೇರಿಸುವುದು ಉಚಿತ.

ಈ ಅಂತರದ ಬೆಲೆಯೇನು ಎಂಬುದು ಅಳತೆಗೆ ಸಿಕ್ಕಿರುವುದು ಅಪರೂಪದ ಸಂಗತಿ. ನೀರಜ್ ಸೂದ್ ಮತ್ತು ಸಹಸಂಶೋಧಕರು ಯೋಜನೆ ಜಾರಿಗೊಂಡಿದ್ದ 300 ಹಳ್ಳಿಗಳನ್ನೂ ಗಡಿಯ ಇನ್ನೊಂದು ಬದಿಯಲ್ಲಿ ಅವುಗಳನ್ನು ಹೋಲುವ 272 ಹಳ್ಳಿಗಳನ್ನೂ ಸಮೀಕ್ಷಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಸಂಭವಿಸಿದ ಮರಣದ ಪ್ರಮಾಣ ಬಡ ಕುಟುಂಬಗಳಲ್ಲಿ ಒಂದು ಬದಿಗೆ ಶೇ. 0.32, ಇನ್ನೊಂದು ಬದಿಗೆ ಶೇ. 0.90. ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಇಂಥ ವ್ಯತ್ಯಾಸ ಕಂಡುಬರಲಿಲ್ಲ. ಆಸ್ಪತ್ರೆಗೆ ಕೈಯಿಂದ ತೆರುವ ವೆಚ್ಚ ಸುಮಾರು ಶೇ. 34ರಷ್ಟು ಇಳಿದಿತ್ತು. ಮನೆಯಲ್ಲಿ ಆಗಲೇ ಇದ್ದ ಕಾರ್ಡನ್ನು ಒಪ್ಪಿಕೊಂಡು, ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಹುಡುಕಿದ ಸರಳ ವ್ಯವಸ್ಥೆ ಪ್ರಾಣ ಉಳಿಸಿತೆಂಬುದೂ, ಅದೇ ಕಾರ್ಡಿನ ಮೇಲಿನ ವಿಳಾಸ ಇನ್ನಷ್ಟು ಜನರನ್ನು ಅದರ ಹೊರಗೆ ಇರಿಸಿತೆಂಬುದೂ ಈ ಅಂಕಿಗಳಲ್ಲಿ ಒಟ್ಟಿಗೇ ಇವೆ.

ಬೆರಳಚ್ಚು ಮತ್ತು ಪಡಿತರ

ಇದೇ ಅವಧಿಯಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ತದ್ವಿರುದ್ಧವಾದ ಮಾರ್ಗ ಹಿಡಿದಿತ್ತು. ಬಡ ಕುಟುಂಬದ ಐವರಿಗೆ ವರ್ಷಕ್ಕೆ 30,000 ರೂಪಾಯಿಗಳವರೆಗಿನ ಆಸ್ಪತ್ರೆ ವೆಚ್ಚ, 30 ರೂಪಾಯಿ ನೋಂದಣಿ ಶುಲ್ಕ, ಭಾವಚಿತ್ರ ಮತ್ತು ಬೆರಳಚ್ಚುಗಳನ್ನು ಅಡಗಿಸಿಕೊಂಡ ಸ್ಮಾರ್ಟ್ ಕಾರ್ಡು. 2008ರಲ್ಲಿ ದೇಶದಲ್ಲಿ ಜಾರಿಗೆ ಬಂದ ಈ ಯೋಜನೆ 2010ರಲ್ಲಿ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಆರಂಭವಾಯಿತು. ದಾವಣಗೆರೆಯ ನೆರೆಯ ಶಿವಮೊಗ್ಗ ಅವುಗಳಲ್ಲೊಂದು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯ ಡಿ. ರಾಜಶೇಖರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅರ್ಹ ಕುಟುಂಬಗಳಲ್ಲಿ ಸುಮಾರು ಶೇ. 85ರಷ್ಟಕ್ಕೆ ಯೋಜನೆಯ ಅರಿವಿತ್ತು, ಶೇ. 68ರಷ್ಟು ನೋಂದಾಯಿಸಿದ್ದವು. ಆದರೆ ಸ್ಥಳದಲ್ಲಿಯೇ ಮುದ್ರಿಸಿ ಕೊಡಬೇಕಿದ್ದ ಕಾರ್ಡು ಅನೇಕರ ಕೈಗೆ ತಡವಾಗಿ ಬಂದಿತು. ಆಸ್ಪತ್ರೆಗಳಲ್ಲಿ ಕಾರ್ಡು ಓದುವ ಯಂತ್ರ ಇರಲಿಲ್ಲ ಅಥವಾ ಇದ್ದರೂ ಅದನ್ನು ನಡೆಸಲು ಬರುತ್ತಿರಲಿಲ್ಲ. ಹಳೆಯ ಪಡಿತರ ಚೀಟಿ ಮಾಡಿದ ಕೆಲಸವನ್ನು ಹೊಸ ಕಾರ್ಡು ಮಾಡಲಾಗದೆ ಹೋದದ್ದು ಯಂತ್ರದ ದೋಷವೆಂದು ತಳ್ಳಿಹಾಕುವಂತಿಲ್ಲ. ಎಷ್ಟೇ ಖಚಿತವಾಗಿ ಗುರುತು ಹಿಡಿದರೂ, ಗುರುತು ಹಿಡಿದ ಮೇಲೆ ಚಿಕಿತ್ಸೆ ಕೊಡುವ ಕೈ ಸಿದ್ಧವಾಗಿಲ್ಲದಿದ್ದರೆ ಆ ಖಚಿತತೆ ವ್ಯರ್ಥ.

ಪಡಿತರ ಚೀಟಿಯೂ ನಿರ್ದೋಷಿಯಾಗಿರಲಿಲ್ಲ. ನಕಲಿ ಕಾರ್ಡುಗಳನ್ನು ತೆಗೆದುಹಾಕುವ ಉದ್ದೇಶದಿಂದ 2010–11ರ ಸುಮಾರಿಗೆ ಆಹಾರ ಇಲಾಖೆಯು ಮನೆಯ ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆಯನ್ನು ಪಡಿತರ ಚೀಟಿಗೆ ಜೋಡಿಸಲು ಮುಂದಾಯಿತು. ಮನೆಗೊಂದು ಮೀಟರು, ಮೀಟರಿಗೊಂದು ಕುಟುಂಬ ಎಂಬುದು ಅದರ ಹಿಂದಿನ ಎಣಿಕೆ. ಒಂದೇ ವಠಾರದಲ್ಲಿ ನಾಲ್ಕಾರು ಬಾಡಿಗೆ ಕುಟುಂಬಗಳು ಒಂದೇ ಮೀಟರಿನ ಕೆಳಗೆ ಬದುಕುವ ನಗರದ ಬಡ ಬಡಾವಣೆಗಳ ವಾಸ್ತವಕ್ಕೆ ಈ ಎಣಿಕೆ ಹೊಂದುತ್ತಿರಲಿಲ್ಲ. ಕಾರ್ಡು ತಪ್ಪಿದರೆ ಅಕ್ಕಿಯೊಡನೆ ಆಸ್ಪತ್ರೆಯೂ ತಪ್ಪುವ ಕಾಲ ಅದಾಗಿತ್ತೆಂಬುದನ್ನು ಮರೆಯಬಾರದು.

ಆಧಾರ್ ಬಂದದ್ದು ಈ ಗೊಂದಲಗಳಿಗೆ ಪರಿಹಾರವಾಗಿ. 2009ರಲ್ಲಿ ಸ್ಥಾಪನೆಯಾದ ವಿಶಿಷ್ಟ ಗುರುತಿನ ಪ್ರಾಧಿಕಾರದ ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ರಾಜ್ಯದಲ್ಲಿ ಪ್ರಾಯೋಗಿಕ ನೋಂದಣಿ ನಡೆದದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ. ಅದನ್ನು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವರೂ ಕನ್ನಡ ನಾಡಿನವರೇ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 26ರ ಬಹುಮತದ ತೀರ್ಪು ಸರ್ಕಾರಿ ಸೌಲಭ್ಯಗಳಿಗೆ ಆಧಾರ್ ಬಳಕೆಯನ್ನು ಊರ್ಜಿತಗೊಳಿಸಿ, ದೃಢೀಕರಣ ವಿಫಲವಾದ ಮಾತ್ರಕ್ಕೆ ಅರ್ಹರನ್ನು ಹೊರಗಿಡಬಾರದೆಂದೂ ಹೇಳಿತು. ಆಧಾರ್‌ನ ಒಂದು ಗುಣವನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಗಿರಣಿಯ ಸಂಖ್ಯೆ, ಸಂಘದ ಕಾರ್ಡು, ಪಡಿತರ ಚೀಟಿಗಳಂತೆ ಅದು ಮನುಷ್ಯನ ದುಡಿಮೆ, ಭೂಮಿ, ಬಡತನಗಳ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ‘ಈ ವ್ಯಕ್ತಿ ಯಾರು?’ ಎಂಬ ಮೊದಲ ಪ್ರಶ್ನೆಗಷ್ಟೇ ಉತ್ತರ ಕೊಡುವ ಸಂಖ್ಯೆ ಅದು.

ಅಷ್ಟರಿಂದಲೇ ಎರಡನೆಯ ಪ್ರಶ್ನೆ ಇಲ್ಲವಾಗಲಿಲ್ಲ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಯಶಸ್ವಿನಿ, ಆರೋಗ್ಯಶ್ರೀ, ಸ್ವಾಸ್ಥ್ಯ ಬಿಮಾ ಮುಂತಾದವುಗಳನ್ನು ಒಂದುಗೂಡಿಸಿ ‘ಆರೋಗ್ಯ ಕರ್ನಾಟಕ’ವನ್ನು ಆರಂಭಿಸಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಸೇರಿತು. ಸಾರ್ವತ್ರಿಕ ರಕ್ಷಣೆಯೇ ಅದರ ಘೋಷಿತ ಗುರಿ. ಎಲ್ಲ ನಿವಾಸಿಗಳೂ ಅದರೊಳಗೆ ಬಂದರು, ಆದರೆ ಎರಡು ಸಾಲಿನಲ್ಲಿ. ಆದ್ಯತಾ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಉಚಿತ ಚಿಕಿತ್ಸೆ. ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು, 1.5 ಲಕ್ಷ ರೂಪಾಯಿಯ ಮಿತಿಯಲ್ಲಿ. ಯಾರು ಯಾವ ಸಾಲಿನವರು ಎಂಬುದನ್ನು ಆಧಾರ್ ಹೇಳಲಾರದು. ಅದನ್ನು ಹೇಳುವುದು ಆಹಾರ ಇಲಾಖೆಯ ದತ್ತಾಂಶ. ಮುಂದೆ ಹೊಸ ಪಡಿತರ ಚೀಟಿಗಳ ವಿತರಣೆ ಸ್ಥಗಿತಗೊಂಡಿದ್ದ ಅವಧಿಯಲ್ಲಿ ತುರ್ತು ಚಿಕಿತ್ಸೆಯ ಅಗತ್ಯವಿದ್ದವರ ಅರ್ಜಿಗಳಿಗೆ ಆದ್ಯತೆ ಕೊಡಬೇಕಾಗಿ ಬಂದದ್ದು ಇದರ ಪರಿಣಾಮ. ಅನ್ನಕ್ಕಾಗಿ ಹುಟ್ಟಿದ ಚೀಟಿಯನ್ನು ಆಪರೇಷನ್‌ಗಾಗಿ ಕೇಳುವ ಸ್ಥಿತಿ ಅದು.

ತಾಯಿ ಕಾರ್ಡು

ಇಷ್ಟು ಹೊತ್ತಿಗೆ, ಈ ಚರಿತ್ರೆಯಲ್ಲಿ ಹೆಚ್ಚು ಸದ್ದು ಮಾಡದ ಒಂದು ಕಾರ್ಡನ್ನು ಪ್ರತ್ಯೇಕವಾಗಿ ನೋಡಬೇಕು. ಗರ್ಭಿಣಿಯೆಂದು ನೋಂದಾಯಿಸಿದ ಪ್ರತಿಯೊಬ್ಬ ಮಹಿಳೆಗೂ ಆರೋಗ್ಯ ಇಲಾಖೆ ಕೊಡುವ ‘ತಾಯಿ ಕಾರ್ಡು’ ಅದು. ಅದನ್ನು ಕೊಡುವಾಗ ಗಂಡನ ನೌಕರಿ, ಹೊಲ, ಪಡಿತರ ಚೀಟಿ ಯಾವುದನ್ನೂ ಕೇಳಬೇಕಾಗಿಲ್ಲ, ಬಸಿರೇ ಅರ್ಹತೆ. ರಕ್ತದ ಗುಂಪು, ತೂಕ, ಚುಚ್ಚುಮದ್ದು, ಹಿಂದಿನ ಹೆರಿಗೆಗಳ ವಿವರ ಅದರಲ್ಲಿ ಬರೆದಿರುತ್ತದೆ. ಕನ್ನಡ ನಾಡಿನಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗುವುದು ರೂಢಿ. ಗಂಡನ ಊರಿನ ಉಪಕೇಂದ್ರದಲ್ಲಿ ನೋಂದಾಯಿಸಿದ ಹೆಣ್ಣುಮಗಳು ಏಳನೆಯ ತಿಂಗಳಿಗೋ ಒಂಬತ್ತನೆಯ ತಿಂಗಳಿಗೋ ತವರಿಗೆ ಬರುವಾಗ ಸೀರೆಗಳ ನಡುವೆ ಆ ಕಾರ್ಡೂ ಬರುತ್ತದೆ. ರಾಣೆಬೆನ್ನೂರಿನ ಸೊಸೆ ದಾವಣಗೆರೆಯ ಮಗಳಾಗಿ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಬಂದರೆ ನದಿ ಗಡಿಯಾಗುವುದಿಲ್ಲ. ಗುರುತಿನ ಚೀಟಿಯೊಂದು ಆರೋಗ್ಯಕ್ಕೆ ನಿಜವಾಗಿ ಒದಗುವ ಬಗೆ ಇದು. ಈ ಕಾರ್ಡಿನ ಸುತ್ತಲೂ ಷರತ್ತುಗಳು ಬೆಳೆದದ್ದುಂಟು. 2007ರ ಮಡಿಲು ಕಿಟ್‌ನಂಥ ಸೌಲಭ್ಯ ಬಡತನ ರೇಖೆಯ ಕೆಳಗಿನವರಿಗೆ, ಅದೂ ಎರಡು ಹೆರಿಗೆಗಳಿಗೆ ಮಾತ್ರ. ಆದರೂ ಪರೀಕ್ಷೆ ಮತ್ತು ಹೆರಿಗೆಗೆ ಷರತ್ತು ಇರಲಿಲ್ಲ.

ಇದೇ ತತ್ತ್ವ ದೊಡ್ಡ ಪ್ರಮಾಣದಲ್ಲಿ ಕಂಡುಬಂದದ್ದು 2021ರ ಕೋವಿಡ್ ಲಸಿಕಾಕರಣದಲ್ಲಿ. ಕೋವಿನ್ ವ್ಯವಸ್ಥೆಯಲ್ಲಿ ಭಾವಚಿತ್ರವುಳ್ಳ ಗುರುತಿನ ಚೀಟಿ ಕಡ್ಡಾಯವಾಗಿತ್ತು. ಯಾವ ಚೀಟಿಯೂ ಇಲ್ಲದ ಅಲೆಮಾರಿಗಳು, ಭಿಕ್ಷುಕರು, ಕೈದಿಗಳು ಹೊರಗುಳಿಯುತ್ತಾರೆಂದು ಮನವರಿಕೆಯಾದಾಗ, 2021ರ ಮೇ 6ರಂದು ಕೇಂದ್ರ ಆರೋಗ್ಯ ಸಚಿವಾಲಯವು ಒಬ್ಬ ಪರಿಚಿತ ವ್ಯಕ್ತಿಯ ಮೂಲಕ ಅಂಥವರನ್ನು ನೋಂದಾಯಿಸುವ ಕ್ರಮವನ್ನು ಹೊರಡಿಸಿತು. ಪ್ಲೇಗಿನ ರಹದಾರಿಯ ಕಾಲದಲ್ಲಿ ಚೀಟಿ ಇಲ್ಲದವರನ್ನು ತಡೆದು ನಿಲ್ಲಿಸಲಾಗುತ್ತಿತ್ತು. ಈಗ ಚೀಟಿ ಇಲ್ಲದವರನ್ನು ಹುಡುಕಿ ತರಲಾಯಿತು. ಒಬ್ಬರು ಹೊರಗುಳಿದರೂ ಎಲ್ಲರಿಗೂ ಅಪಾಯವೆಂಬ ಭಯವೇ ಎರಡೂ ಕಡೆ ಕೆಲಸ ಮಾಡಿದ್ದು.

ಥಾಯ್ಲೆಂಡ್ 2001–02ರಲ್ಲಿ ಸಾರ್ವತ್ರಿಕ ರಕ್ಷಣೆಯನ್ನು ಜಾರಿಗೆ ತಂದಾಗ ಅನುಸರಿಸಿದ ವಿಧಾನ ಇಲ್ಲಿ ಹೋಲಿಕೆಗೆ ಯೋಗ್ಯ. ಅಲ್ಲಿನ ಪ್ರತಿ ಪ್ರಜೆಗೂ 13 ಅಂಕಿಯ ಸಂಖ್ಯೆಯಿದೆ. ಸರ್ಕಾರಿ ನೌಕರರ ಪಟ್ಟಿಯನ್ನೂ ವಿಮೆಯುಳ್ಳ ಕಾರ್ಮಿಕರ ಪಟ್ಟಿಯನ್ನೂ ಜನಸಂಖ್ಯಾ ನೋಂದಣಿಯೊಡನೆ ತಾಳೆ ನೋಡಿ, ಎರಡರಲ್ಲಿಯೂ ಇಲ್ಲದವರೆಲ್ಲರನ್ನೂ ಹೊಸ ಯೋಜನೆಗೆ ಸೇರಿಸಲಾಯಿತು. ಬಡವರು ಯಾರೆಂದು ಅಲ್ಲಿ ಹುಡುಕಲಿಲ್ಲ; ಯಾರಿಗೆ ರಕ್ಷಣೆ ಇಲ್ಲವೆಂದು ಹುಡುಕಿದರು. ಕೆಲಸ ಬಿಟ್ಟವರು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರೇ ಹೊರತು ಎಲ್ಲ ಪಟ್ಟಿಗಳಿಂದಲೂ ಬೀಳುತ್ತಿರಲಿಲ್ಲ. ದಾವಣಗೆರೆಯ ಗಿರಣಿ ಕಾರ್ಮಿಕರಿಗೆ ಒದಗಿಬಾರದಿದ್ದುದು ಇದೇ.

2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಚಾಲನೆಗೊಂಡ ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ ಪ್ರಜೆಗಳಿಗೆ 14 ಅಂಕಿಗಳ ‘ಆಭಾ’ ಸಂಖ್ಯೆಯನ್ನು ಕೊಡುತ್ತದೆ. ರೋಗಿಯ ಪರೀಕ್ಷಾ ವರದಿ, ಔಷಧ ಚೀಟಿಗಳನ್ನು ಒಂದೆಡೆ ಜೋಡಿಸುವುದು ಅದರ ಕಾರ್ಯ; ಅದನ್ನು ಪಡೆಯುವುದು ಐಚ್ಛಿಕ. ತಾಯಿ ಕಾರ್ಡಿನ ಗುಣವನ್ನು ಎಲ್ಲ ವಯಸ್ಸಿನವರಿಗೂ ಎಲ್ಲ ಕಾಯಿಲೆಗಳಿಗೂ ವಿಸ್ತರಿಸಬಲ್ಲ ಸಾಧನ ಅದು. ಚಿಕಿತ್ಸೆಯ ವೆಚ್ಚವನ್ನು ಮಾತ್ರ ಆ ಸಂಖ್ಯೆ ಭರಿಸುವುದಿಲ್ಲ. ಅದಕ್ಕೆ ಪಡಿತರ ಚೀಟಿಯನ್ನೇ ತರಬೇಕಾಗುತ್ತದೆ.